ಹಿಂಬದಿ ಖಾಲಿ ಇರಲಿ



ನಾನು ಬೆಂಗಳೂರಿನ ಶಂಕರಪುರದವನು. ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದೆ. ಆ ವರ್ಷಗಳಲ್ಲಿ ನಾನು ಎಷ್ಟು ಹಿಂಬರಹ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಹಿಂಬರಹ ಅಂದರೇನು ಅಂತ ಈಗಿನ ಹುಡುಗರಿಗೆ ಹೇಳಬೇಕಾಗುತ್ತದೆ. ಯಾರೋ ಒಬ್ಬರು ಅರ್ಜಿ ಕೊಡುತ್ತಾರೆ. ಅದು ಟಪಾಲಿನಲ್ಲಿ ಬರುತ್ತದೆ, ಸಂಖ್ಯೆ ಬೀಳುತ್ತದೆ, ಕಡತ ಸೇರುತ್ತದೆ. ಕೊನೆಗೆ ಅರ್ಜಿದಾರನಿಗೆ ಕಚೇರಿಯಿಂದ ಒಂದು ಉತ್ತರ ಹೋಗಬೇಕು. ಹಿಂದೆ ಅದನ್ನು ಅರ್ಜಿಯ ಬೆನ್ನ ಮೇಲೆಯೇ ಬರೆದು ಕೊಡುತ್ತಿದ್ದುದರಿಂದ ಆ ಹೆಸರು ಬಂತು. ‘ತಮ್ಮ ಮನವಿಯನ್ನು ಪರಿಶೀಲಿಸಲಾಗಿ, ಇಂಥಿಂಥ ಕಾರಣದಿಂದ ಪುರಸ್ಕರಿಸಲು ಬರುವುದಿಲ್ಲವೆಂದು ಈ ಮೂಲಕ ಹಿಂಬರಹ ನೀಡಲಾಗಿದೆ.’ ಒಣಕಲು ಮಾತು, ಒಪ್ಪುತ್ತೇನೆ. ಅದನ್ನು ಓದಿ ನನ್ನನ್ನು ಮನಸಾರೆ ಬೈದವರೂ ಇದ್ದಾರೆ. ಆದರೆ ಆ ‘ಇಂಥಿಂಥ ಕಾರಣದಿಂದ’ ಎನ್ನುವ ಎರಡು ಪದ ಇತ್ತಲ್ಲ, ಅದನ್ನು ಹಿಡಿದುಕೊಂಡು ಅರ್ಜಿದಾರ ಮೇಲಿನ ಕಚೇರಿಗೆ ಹೋಗಬಹುದಾಗಿತ್ತು, ಕೋರ್ಟಿಗೆ ಹೋಗಬಹುದಾಗಿತ್ತು, ಕಡೇಪಕ್ಷ ಜಗಲಿಯ ಮೇಲೆ ಕೂತು ವಾದ ಮಾಡಬಹುದಾಗಿತ್ತು.

ಈವತ್ತು ನಾನು ಮಾತಾಡಬೇಕೆಂದಿರುವುದು ಬೆಂಗಳೂರಿನ ರಸ್ತೆ, ಬಸ್ಸು, ರೈಲು, ಸೇತುವೆಗಳ ವಿಷಯದಲ್ಲಿ ಜನ ಕೊಟ್ಟ ಅರ್ಜಿಗಳ ಬಗ್ಗೆ. ಅರ್ಜಿ ಅಂದರೆ ಕಾಗದದ್ದು ಮಾತ್ರ ಅಲ್ಲ. ಬೀದಿಯಲ್ಲಿ ಕೈಕೈ ಹಿಡಿದು ನಿಂತದ್ದೂ ಒಂದು ಅರ್ಜಿಯೇ.

ನಮ್ಮ ಕಡೆಯ ರಸ್ತೆಗಳನ್ನು ಹಾಕಿದಾಗ ಯಾರನ್ನೂ ಕೇಳಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1892ರಲ್ಲಿ ಚಾಮರಾಜಪೇಟೆ ಆಯಿತು. ಅದೇ ದಶಕದ ಕೊನೆಗೆ, 1898ರಲ್ಲಿ ಪೇಟೆಯೊಳಗೆ ಪ್ಲೇಗು ಹೊಕ್ಕಾಗ ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಬಂದರು. ಅಗಲವಾದ ಬೀದಿ, ಹಿಂದೆ ಕನ್ಸರ್‌ವೆನ್ಸಿ ಗಲ್ಲಿ, ನಡುನಡುವೆ ಪಾರ್ಕು. ಜಟಕಾಗಾಡಿ ಕಾಲದ ಆ ಬೀದಿಗಳಲ್ಲೇ ನಾವು ಈಗಲೂ ಓಡಾಡುತ್ತಿದ್ದೇವೆ, ಮತ್ತು ಅವು ಚೆನ್ನಾಗಿಯೇ ಇವೆ. ಹಾಗಾದರೆ ಕೇಳದೆ ಮಾಡಿದರೂ ಒಳ್ಳೆಯದಾಗುತ್ತದಲ್ಲ ಅಂತ ನನ್ನ ಭಾವಮೈದುನ ಆಗಾಗ ಚುಚ್ಚುತ್ತಾನೆ. ಆಗ ಇದ್ದದ್ದು ಬಯಲು ಮತ್ತು ಗದ್ದೆ ಕಣಯ್ಯ, ಈಗ ಇರುವುದು ಮನೆ, ಅಂಗಡಿ, ಮರ, ಮನುಷ್ಯ ಅಂತ ನಾನು ಹೇಳುತ್ತೇನೆ. ಅವನು ಕಾಫಿ ಕುಡಿದು ಎದ್ದು ಹೋಗುತ್ತಾನೆ.

ಈಗ ಕೇಳಲೇಬೇಕೆಂದು ಕಾನೂನಿದೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಊರಿನ ಮಹಾಯೋಜನೆ ತಯಾರಾದರೆ ಅದನ್ನು ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆ ಕರೆಯಬೇಕು. ಮರಗಳಿಗೂ ಕಾನೂನಿದೆ, 1976ರದ್ದು. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಮೊದಲು ಸಾರ್ವಜನಿಕ ಪ್ರಕಟಣೆ ಕೊಟ್ಟು ಅಭಿಪ್ರಾಯ ಕೇಳಬೇಕು. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರುತ್ತದಲ್ಲ, ‘ಆಕ್ಷೇಪಣೆಗಳಿದ್ದಲ್ಲಿ ಇಷ್ಟು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು’ ಅಂತ, ಅದೇ.

2017ರ ನವೆಂಬರಿನಲ್ಲಿ ಬೆಂಗಳೂರಿನ 2031ರವರೆಗಿನ ಪರಿಷ್ಕೃತ ಮಹಾಯೋಜನೆಯ ಕರಡು ಹೊರಬಂತು. ಅರವತ್ತು ದಿನ ಕೊಟ್ಟರು. ಯಾವ ರಸ್ತೆ ಎಷ್ಟು ಅಗಲವಾಗಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲವೂ ಅದರಲ್ಲಿತ್ತು. ಸುಮಾರು 13 ಸಾವಿರ ಆಕ್ಷೇಪಣೆಗಳು ಬಂದವು. ಗುಮಾಸ್ತನಾಗಿ ನನಗೆ ಮೊದಲು ಕಂಡದ್ದು ಆ ಕಾಗದದ ರಾಶಿ. ಒಂದೊಂದಕ್ಕೂ ಸಂಖ್ಯೆ ಹಾಕಬೇಕು, ಓದಬೇಕು, ವಿಂಗಡಿಸಬೇಕು, ಬರೆದವರನ್ನು ಕರೆದು ಕೇಳಬೇಕು. ಪುಣ್ಯಾತ್ಮರು ಹೇಗೆ ಮಾಡಿದರೋ. ಅಷ್ಟೆಲ್ಲ ಆದಮೇಲೆ 2020ರಲ್ಲಿ ಸರ್ಕಾರ ಆ ಕರಡನ್ನೇ ವಾಪಸು ಪಡೆಯಿತು. ಹೊಸದಾಗಿ ಮಾಡೋಣ ಅಂತ. ಊರು 2007ರಲ್ಲಿ ಮಂಜೂರಾದ, 2015ಕ್ಕೆಂದು ಬರೆದ ಹಳೆಯ ಯೋಜನೆಯ ಮೇಲೇ ಮುಂದುವರಿಯಿತು. ಎಳ್ಳು ನೀರು ಬಿಟ್ಟದ್ದು ಕರಡಿಗೆ ಮಾತ್ರವೋ, ಆ 13 ಸಾವಿರ ಕಾಗದಕ್ಕೂ ಸೇರಿಸಿಯೋ?

ಇನ್ನು ಕಾಗದವಲ್ಲದ ಅರ್ಜಿಗಳಿಗೆ ಬರುತ್ತೇನೆ. ಬೆಂಗಳೂರಿನ ಸಂಚಾರದ ಚರಿತ್ರೆಯನ್ನು ಎರಡೇ ಪದದಲ್ಲಿ ಬರೆಯಬಹುದು: ಬೇಡ ಮತ್ತು ಬೇಕು.

‘ಬೇಡ’ದ ದೊಡ್ಡ ದಿನ 2016ರ ಅಕ್ಟೋಬರ್ 16, ಭಾನುವಾರ. ಚಾಲುಕ್ಯ ಹೋಟೆಲಿನ ಬಳಿಯ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರು ಉಕ್ಕಿನ ಮೇಲುಸೇತುವೆ ಕಟ್ಟುವುದೆಂದು ಸರ್ಕಾರ ತೀರ್ಮಾನಿಸಿತ್ತು. ಖರ್ಚು 1,791 ಕೋಟಿ ರೂಪಾಯಿ, ಹೋಗುವ ಮರ 812. ಆ ಭಾನುವಾರ ಬೆಳಗ್ಗೆ ಸಾವಿರಾರು ಜನ ರಸ್ತೆಯುದ್ದಕ್ಕೂ ಸರಪಳಿಯಾಗಿ ನಿಂತರು. ‘ಸ್ಟೀಲ್ ಫ್ಲೈಓವರ್ ಬೇಡ.’ ಇಂಗ್ಲಿಷು ಎರಡು, ಕನ್ನಡ ಒಂದು. ಆ ಒಂದು ಪದವನ್ನು ಕೋರಮಂಗಲದ, ವೈಟ್‌ಫೀಲ್ಡಿನ, ಕನ್ನಡವೇ ಬಾರದ ಮಕ್ಕಳೂ ಕಲಿತುಕೊಂಡರು. ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಎಲ್ಲರೂ ಮರೆತ ಒಂದು ಸಂಗತಿ ಇದರಲ್ಲಿದೆ. ಆ ಸೇತುವೆಗೂ ಮೊದಲು ಜನಾಭಿಪ್ರಾಯ ಕೇಳಲಾಗಿತ್ತು! ಅಭಿಪ್ರಾಯ ಕಳಿಸಿದವರು ಮುನ್ನೂರು ಮಂದಿಯೂ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ಒಪ್ಪಿದ್ದಾರೆ, ಆದ್ದರಿಂದ ಜನ ಒಪ್ಪಿದ್ದಾರೆ ಎಂದು ಲೆಕ್ಕ ಹೇಳಿದರು. ಕೋಟಿ ಜನರ ಊರಿನಲ್ಲಿ ಮುನ್ನೂರು ಜನರಿಗೆ ಮಾತ್ರ ಆ ಪ್ರಕಟಣೆ ಕಂಡಿತು ಅಂದರೆ ತಪ್ಪು ಓದದವರದೋ, ಕಾಣದ ಹಾಗೆ ಅಚ್ಚು ಹಾಕಿದವರದೋ? ಕಚೇರಿಯ ಗುಟ್ಟು ನನಗೆ ಗೊತ್ತು. ಪ್ರಕಟಣೆ ಹೊರಡಿಸುವುದು ಕೆಲವು ಸಲ ತಿಳಿಸುವುದಕ್ಕೆ. ಕೆಲವು ಸಲ ‘ತಿಳಿಸಿದ್ದೇವೆ’ ಎಂದು ಕಡತದಲ್ಲಿ ಬರೆಯುವುದಕ್ಕೆ.

ಸರಪಳಿ ನಿಂತ 2016ರ ಡಿಸೆಂಬರಿನಲ್ಲೇ ಅದೇ ಜನ ‘ಬೇಕು’ ಹಿಡಿದರು. ‘ಚುಕು ಬುಕು ಬೇಕು.’ ಉಪನಗರ ರೈಲು ಬೇಕೆಂಬ ಮಾತು 1980ರ ದಶಕದಿಂದ ಕೇಳಿಬರುತ್ತಿತ್ತು. ಕೇಂದ್ರ ಒಪ್ಪಿಗೆ ಕೊಟ್ಟದ್ದು 2020ರ ಅಕ್ಟೋಬರಿನಲ್ಲಿ: ನಾಲ್ಕು ಮಾರ್ಗ, 148 ಕಿಲೋಮೀಟರು, 15,767 ಕೋಟಿ. 2022ರ ಜೂನ್ 20ರಂದು ಪ್ರಧಾನಿಯವರು ಶಂಕುಸ್ಥಾಪನೆ ಮಾಡಿ ನಲವತ್ತು ತಿಂಗಳಲ್ಲಿ ಆಗುತ್ತದೆ ಎಂದರು. ಬೆರಳು ಮಡಿಸಿ ಎಣಿಸಿದರೆ ಆ ನಲವತ್ತು ತಿಂಗಳು 2025ರ ಅಕ್ಟೋಬರಿಗೆ ಮುಗಿದವು. ರೈಲು ಬರಲಿಲ್ಲ. ‘ಬಸ್ ಭಾಗ್ಯ ಬೇಕು’ ಎಂದವರೂ ಇದ್ದರು. ಬಸ್ಸಿನ ದರ ಇಳಿಸಿ, ಬಸ್ಸುಗಳನ್ನು ಹೆಚ್ಚಿಸಿ ಎಂದು ಕೇಳಿದ ಬಡ ಪ್ರಯಾಣಿಕರ ಅರ್ಜಿ ಅದು. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾದಾಗ ಆ ಅರ್ಜಿಯ ಒಂದು ಪಾಲು ಬೇರೊಂದು ದಾರಿಯಿಂದ ಮಂಜೂರಾಯಿತು ಅನ್ನಬೇಕು.

2019ರ ಕೊನೆಯಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೇ ಪ್ರತ್ಯೇಕವಾದ ಪಥವೊಂದು ಶುರುವಾಗಿತ್ತು. ಕೊರೋನಾ ಬಂತು, ಮೆಟ್ರೋ ಕಾಮಗಾರಿ ಬಂತು, ಪಥ ಹೋಯಿತು. ಅದಕ್ಕಾಗಿ ಯಾರೂ ಸರಪಳಿ ನಿಲ್ಲಲಿಲ್ಲ. ಸೇತುವೆ ಬೇಡ ಅನ್ನುವುದಕ್ಕೆ ಕಾರಿನಲ್ಲಿ ಬಂದು ನಿಲ್ಲುವವರಿದ್ದಾರೆ. ಬಸ್ಸಿನಲ್ಲಿ ಹೋಗುವವರಿಗೆ ಭಾನುವಾರ ಕೂಡ ಕೆಲಸವಿರುತ್ತದೆ.

ನಮ್ಮನ್ನೂ ನಾನು ಬಿಡುವುದಿಲ್ಲ. ನಮ್ಮ ಬಡಾವಣೆಯ ಸಭೆಗಳಿಗೆ ಹೋಗಿದ್ದೇನೆ. ಎಲ್ಲರೂ ವಿದ್ಯಾವಂತರು, ನಾಲ್ಕು ಜನ ನಿವೃತ್ತ ಇಂಜಿನಿಯರುಗಳು. ಒನ್‌ವೇ ಬೇಕೇ ಬೇಕು ಅಂತ ಎಲ್ಲರ ಒಮ್ಮತ. ಯಾವ ಬೀದಿ ಅಂದಾಗ ‘ನಮ್ಮದು ಬಿಟ್ಟು’ ಅಂತ ಅದೂ ಒಮ್ಮತ. ಪೊಲೀಸರು ತಿಂಗಳಿಗೊಂದು ಶನಿವಾರ ‘ಸಂಚಾರ ಸಂಪರ್ಕ ದಿವಸ’ ಎಂದು ಠಾಣೆಗಳಲ್ಲಿ ಜನರ ಮಾತು ಕೇಳುವ ಪದ್ಧತಿ ಇಟ್ಟರು. ಒಳ್ಳೆಯ ಪದ್ಧತಿ. ಅಲ್ಲಿಯೂ ಅರ್ಧ ದೂರು ಪಕ್ಕದ ಮನೆಯವರ ಕಾರಿನ ಮೇಲೆ.

ಈ ಮಾತಿಗೆ ನಮ್ಮ ಮಗ್ಗುಲಿನ ಗಾಂಧಿಬಜಾರಿಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. 2022ರ ಕೊನೆಗೆ, ನಗರ ಭೂಸಾರಿಗೆ ನಿರ್ದೇಶನಾಲಯದ ಯೋಜನೆಯಂತೆ, ಗಾಂಧಿಬಜಾರ್ ಮುಖ್ಯರಸ್ತೆಯನ್ನು ನಡೆಯುವವರ ಬೀದಿ ಮಾಡುತ್ತೇವೆಂದು ಅಗೆಯಲು ಶುರುಮಾಡಿದರು. ನಡೆಯುವವನಾಗಿ ನನಗೆ ಖುಷಿಯಾಯಿತು. ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು ಕಾರಿನ ಹಾರನ್ನಿಲ್ಲದೆ ಹೂವಿನಂಗಡಿಗಳ ಮುಂದೆ ಹಾದುಬರುವುದು ಯಾರಿಗೆ ಬೇಡ? ಅಂಗಡಿಯವರು ಬೇಡವೆಂದರು. ಗಾಡಿ ಬರದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ಭಯ ಅವರದು. ಹಳೆಯ ನಿವಾಸಿಗಳು ಮರದ ಬೇರಿಗೆ ಪೆಟ್ಟಾಗುತ್ತದೆ ಎಂದರು. ಪಕ್ಕದ ಬೀದಿಗಳವರು ಗಾಡಿಯೆಲ್ಲ ನಮ್ಮ ಬಾಗಿಲಿಗೆ ಬರುತ್ತದೆ ಎಂದರು. ಒಬ್ಬೊಬ್ಬರ ಮಾತಿನಲ್ಲೂ ಒಂದಿಷ್ಟು ನಿಜವಿತ್ತು. ಈ ಜಗ್ಗಾಟ ಗುದ್ದಲಿ ಬೀಳುವ ಮುಂಚೆ ಆಗಬೇಕಾಗಿತ್ತು. ಹೆಚ್ಚಿನದು ಆದದ್ದು ಮಣ್ಣಿನ ದಿಬ್ಬದ ಎರಡು ಕಡೆ ನಿಂತು. ಈಗ ಕಲ್ಲು ಹಾಸಿದೆ, ಅದರ ಮೇಲೆ ಗಾಡಿ ಓಡುತ್ತದೆ.

ಈ ಜಗ್ಗಾಟದಲ್ಲಿ ಎಲ್ಲರಿಗಿಂತ ಮೊದಲು ಜಾಗ ಬಿಟ್ಟವರು ಪಾದಚಾರಿ ದಾರಿಯಲ್ಲಿ ಹೂವು, ಹಣ್ಣು, ಬಾಳೆಎಲೆ ಮಾರುವವರು. ಅಂಗಡಿಯವರಿಗೆ ಸಂಘವಿತ್ತು, ಲೆಟರ್‌ಹೆಡ್ ಇತ್ತು. ನಿವಾಸಿಗಳಿಗೆ ಇಂಗ್ಲಿಷಿತ್ತು. ಬೀದಿ ವ್ಯಾಪಾರಿಗಳಿಗೆ 2014ರ ಕಾನೂನೊಂದಿತ್ತು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರದೇ ಪ್ರತಿನಿಧಿಗಳಿರಬೇಕು ಎನ್ನುವ ಕಾನೂನು. ಆದರೆ ಮುಂಜಾನೆ ನಾಲ್ಕಕ್ಕೆ ಕೆ.ಆರ್. ಮಾರುಕಟ್ಟೆಯಲ್ಲಿ ಹೂವು ಹಿಡಿಯಬೇಕಾದವರು ಯಾವ ಕಚೇರಿಯ ಯಾವ ಸಭೆಗೆ ಹೋಗುತ್ತಾರೆ?

ಜನರ ಪರವಾಗಿ ಕೇಳುವುದಕ್ಕೆ ಹಿಂದೆ ಕಾರ್ಪೊರೇಟರು ಇದ್ದರು. ಬೈದರೂ ಬೈಯಬಹುದಾದ ದೂರದಲ್ಲಿ, ಕಾಫಿಪುಡಿ ಅಂಗಡಿ ಮುಂದೆ ಸಿಗುವ ಮನುಷ್ಯ. ನಗರಪಾಲಿಕೆ ಬಿಬಿಎಂಪಿಯ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆ ಐದು ಹೋಳಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಊರಿನ ಸಾರಿಗೆಗೆಲ್ಲ ಒಂದೇ ಪ್ರಾಧಿಕಾರ ಇರಲಿ ಎಂದು 2022ರಲ್ಲಿ ಮತ್ತೊಂದು ಕಾಯ್ದೆ ಆಗಿತ್ತು. ಪ್ರಾಧಿಕಾರಗಳಿಗೆ ನಮ್ಮಲ್ಲಿ ಬರವಿಲ್ಲ. 2023ರಲ್ಲಿ ‘ಬ್ರ್ಯಾಂಡ್ ಬೆಂಗಳೂರು’ ಎಂದು ಸಲಹೆ ಕರೆದಾಗ ಎಪ್ಪತ್ತು ಸಾವಿರಕ್ಕೂ ಹೆಚ್ಚು ಬಂದವು. ಕೇಳುವುದಕ್ಕೂ, ಹೇಳುವುದಕ್ಕೂ ಬರವಿಲ್ಲ ಅಂತ ಆಯಿತು.

ಬರವಿರುವುದು ಉತ್ತರಕ್ಕೆ. ಇಲ್ಲಿ ನನಗೆ ಹಳೆಯ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ನೆನಪಾಗುತ್ತದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅದನ್ನು ಶುರುಮಾಡಿದರು. ಮೊದಲ ಸಭೆಗೆ 144 ಮಂದಿ ಸದಸ್ಯರು. ರೈತರು, ವರ್ತಕರು, ಊರಿನ ಪ್ರಮುಖರು. ದಸರೆ ಹೊತ್ತಿಗೆ ಮೈಸೂರಿಗೆ ಬಂದು ಕೂರುತ್ತಿದ್ದರು. ಕಾನೂನು ಮಾಡುವ ಅಧಿಕಾರ ಆಗ ಆ ಸಭೆಗಿರಲಿಲ್ಲ, ಆರಿಸಿ ಬಂದವರೂ ಅಲ್ಲ. ಉಳ್ಳವರ ಸಭೆ ಅಂತ ಟೀಕಿಸಿದರೆ ಇಲ್ಲವೆನ್ನಲಾರೆ. ಆದರೆ ದಿವಾನರು ತಮ್ಮ ಭಾಷಣದಲ್ಲಿ ಆ ವರ್ಷ ಎಷ್ಟು ಖರ್ಚಾಯಿತು, ಎಲ್ಲಿ ರೈಲು ಹಾಕಿದರು, ಎಲ್ಲಿ ರಸ್ತೆ ಮಾಡಿದರು ಎಂದು ಲೆಕ್ಕ ಒಪ್ಪಿಸುತ್ತಿದ್ದರು. ಸದಸ್ಯರು ತಮ್ಮ ತಾಲ್ಲೂಕಿನ ಕೆರೆ, ಸೇತುವೆ, ರಸ್ತೆಗಳ ಅಹವಾಲು ಹೇಳುತ್ತಿದ್ದರು. ಸಭೆಯ ನಡವಳಿ ಅಚ್ಚಾಗುತ್ತಿತ್ತು. ಕೇಳಿದವನ ಊರೂ ಸರ್ಕಾರದ ಮಾತೂ ಒಂದೇ ಪುಸ್ತಕದಲ್ಲಿ. ಅರಸೊತ್ತಿಗೆಯ ಕಾಲದ ಪದ್ಧತಿ ಅದು. ನಮ್ಮ ಬಸವನಗುಡಿಯಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದೂ ಈ ಸಂಪ್ರದಾಯದ ಮುಂದುವರಿಕೆಯೇ: ಸಾರ್ವಜನಿಕ ವಿಷಯವನ್ನು ಕೂಗಾಡದೆ, ಕಾಗದಪತ್ರ ಮುಂದಿಟ್ಟುಕೊಂಡು ವಿಚಾರ ಮಾಡುವುದು.

ದೂರದ ಒಂದು ಊರಿನ ಮಾತು ಹೇಳಿ ನಮ್ಮ ಲಾಲ್‌ಬಾಗಿಗೆ ಬರುತ್ತೇನೆ. ಸ್ವಿಟ್ಜರ್ಲೆಂಡಿನ ಜೂರಿಕ್. ಅಲ್ಲಿ ದೊಡ್ಡ ಕಾಮಗಾರಿಗೆ ದುಡ್ಡು ಬೇಕಾದರೆ ಜನ ಮತ ಹಾಕಬೇಕು. ಟ್ರಾಮನ್ನು ನೆಲದಡಿಗೆ ಇಳಿಸುವ ಯೋಜನೆಯನ್ನು 1962ರಲ್ಲಿ ಜನ ತಿರಸ್ಕರಿಸಿದರು. ಸುರಂಗ ರೈಲನ್ನು 1973ರಲ್ಲಿ ತಿರಸ್ಕರಿಸಿದರು. 1977ರಲ್ಲಿ, ನೆಲದ ಮೇಲಿನ ಟ್ರಾಮು, ಬಸ್ಸುಗಳಿಗೆ ಸಿಗ್ನಲಿನಲ್ಲಿ ಮೊದಲ ದಾರಿ ಕೊಡುವಂಥ ಕೆಲಸಗಳಿಗೆ ಇಪ್ಪತ್ತು ಕೋಟಿ ಫ್ರಾಂಕ್ ಮಂಜೂರು ಮಾಡಿದರು. ಎರಡು ಸಲ ಬೇಡ, ಮೂರನೆಯ ಸಲ ಬೇಕು. ಮಧ್ಯೆ ಹದಿನೈದು ವರ್ಷ. ಇಂಜಿನಿಯರುಗಳು ಬೈದುಕೊಂಡಿರಬಹುದು. ಆದರೆ ಆ ಊರಿನಲ್ಲಿ ಬೇಡ ಅಂದದ್ದಕ್ಕೆ ಅಂಕಿ ಇತ್ತು, ಬೇಕು ಅಂದದ್ದಕ್ಕೂ ಅಂಕಿ ಇತ್ತು.

ಲಾಲ್‌ಬಾಗು ನಮಗೆ ಕೂಗಳತೆ. ಮೆಟ್ರೋ ಹಸಿರು ಮಾರ್ಗ ಬರುವಾಗ, 2009ರಲ್ಲಿ, ಲಾಲ್‌ಬಾಗಿನ ಅಂಚು ಮತ್ತು ಜಯನಗರದ ನಂದಾ ರಸ್ತೆಯ ಮರಗಳಿಗಾಗಿ ಜನ ಬೀದಿಗಿಳಿದಿದ್ದರು. ‘ಹಸಿರು ಉಸಿರು’ ಎಂದು ಆ ಬಳಗದ ಹೆಸರು. ಉದ್ಯಾನಗಳನ್ನು ಕಾಪಾಡಬೇಕೆಂಬ 1975ರ ಕಾಯ್ದೆಯನ್ನೇ ತಿದ್ದಿ ಜಾಗ ಕೊಟ್ಟರು. ಮರ ಹೋದವು, ಮೆಟ್ರೋ ಬಂತು. 2017ರ ಜೂನಿನಿಂದ ನಾನೂ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹತ್ತುತ್ತೇನೆ, ಮಲ್ಲೇಶ್ವರದ ಮಗಳ ಮನೆಗೆ ಹೋಗಿ ಊಟದ ಹೊತ್ತಿಗೆ ವಾಪಸು ಬರುತ್ತೇನೆ. ಆ ಮರಗಳಿಗಾಗಿ ನಿಂತವರು ತಪ್ಪು ಮಾಡಿದರು ಅಂತ ನನಗೆ ಯಾವತ್ತೂ ಅನಿಸಿಲ್ಲ. ಮೆಟ್ರೋ ಬೇಡವೆಂದು ಅವರು ಹೇಳಿರಲಿಲ್ಲ. ಈ ದಾರಿಯೇ ಯಾಕೆ ಎಂದು ಕೇಳಿದ್ದರು.

ಮತ್ತೆ 2025ರಲ್ಲಿ ಅದೇ ಲಾಲ್‌ಬಾಗು, ಅದೇ ‘ಯಾಕೆ’. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹದಿನಾರು ಮುಕ್ಕಾಲು ಕಿಲೋಮೀಟರಿನ ಸುರಂಗ ರಸ್ತೆ, 17 ಸಾವಿರ ಕೋಟಿಗೂ ಮೇಲೆ. ಅದರ ಒಂದು ಬಾಯಿ ಲಾಲ್‌ಬಾಗಿನ ಬಳಿ ತೆರೆಯುತ್ತದೆ ಎಂದು ತಿಳಿದಾಗ ಬೆಳಗಿನ ನಡಿಗೆಯವರು ಎಚ್ಚೆತ್ತರು. ಮುನ್ನೂರು ಕೋಟಿ ವರ್ಷ ಹಳೆಯ ಬಂಡೆಯ ಮೇಲೆ ಕೂತು ಕಡಲೆಕಾಯಿ ತಿನ್ನುವ ನಮಗೆ ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎನ್ನುವುದು ಅವತ್ತು ನೆನಪಾಯಿತು. ಯೋಜನಾ ವರದಿಯೋ ಇಂಗ್ಲಿಷಿನ ನೂರಾರು ಪುಟ. ಬೆಂಗಳೂರಿನ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕಗಳ ಹೆಸರು ನುಸುಳಿದ್ದು ಸುದ್ದಿಯಾಯಿತು, ಅದಕ್ಕೆ ದಂಡವನ್ನೂ ಹಾಕಿದರು. ನನ್ನ ಕಚೇರಿಯಲ್ಲಿ ಒಂದು ಸರ್ವೆ ನಂಬರ್ ತಪ್ಪಿದರೆ ಮೆಮೊ ಬರುತ್ತಿತ್ತು; ಇಲ್ಲಿ ಊರೇ ತಪ್ಪಿತ್ತು. ಉಪಮುಖ್ಯಮಂತ್ರಿಗಳು ಲಾಲ್‌ಬಾಗಿಗೇ ಬಂದು ನಡೆಯುವವರ ಜೊತೆ ನಡೆದು ಮಾತು ಕೇಳಿದರು. ಸಂತೋಷ. ಆದರೆ ನಡೆಯುತ್ತಾ ಹೇಳಿದ್ದಕ್ಕೆ ಟಪಾಲು ಸಂಖ್ಯೆ ಇರುವುದಿಲ್ಲ.

ಮಾಹಿತಿ ಹಕ್ಕು ಇದೆಯಲ್ಲ ಎನ್ನುತ್ತೀರಿ. ಇದೆ, 2005ರಿಂದ. ಮೂವತ್ತು ದಿನದಲ್ಲಿ ಕಡತದ ನಕಲು ಸಿಗುತ್ತದೆ. ಕಡತದಲ್ಲಿ ಇದ್ದದ್ದು ಸಿಗುತ್ತದೆ. ನಿಮ್ಮ ಸಲಹೆಯನ್ನು ಯಾಕೆ ಬಿಟ್ಟರು ಎಂಬ ಟಿಪ್ಪಣಿಯನ್ನು ಯಾರೂ ಬರೆದೇ ಇಲ್ಲವಾದರೆ ನಕಲು ಯಾವುದರದು? ಹದಿಮೂರು ಸಾವಿರಕ್ಕೂ ಬೇರೆಬೇರೆ ಉತ್ತರ ಬರೆಯಿರಿ ಅಂತ ಹಳೆಯ ಗುಮಾಸ್ತನಾದ ನಾನೇ ಹೇಳಲಾರೆ. ಒಂದೇ ತರಹದ ನೂರು ಆಕ್ಷೇಪಣೆಗೆ ಒಂದು ಉತ್ತರ ಸಾಕು. ಇಷ್ಟು ಜನ ಈ ಬೀದಿ ಅಗಲಿಸಬೇಡಿ ಎಂದರು. ಒಪ್ಪಿದ್ದೇವೆ, ಅಥವಾ ಒಪ್ಪಿಲ್ಲ, ಕಾರಣ ಇದು. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿ ವಾರ್ಡಿನ ಕಚೇರಿಯ ಗೋಡೆಗೆ ಅಂಟಿಸಲಿ. ಓದಿ ಬೈಯುತ್ತಾರೆ. ಬೈಯಲಿ.

ಮೊನ್ನೆ ಶುಕ್ರವಾರ ನಮ್ಮ ಬೀದಿಗೆ ಹೂವು ತರುವ ಹೆಂಗಸು ಬುಟ್ಟಿ ಇಳಿಸಿ ಜಗಲಿಯ ಮೇಲೆ ಕೂತಳು. ರಸ್ತೆ ಅಗೆಯುವಾಗ ಅವಳ ಬಸ್‌ಸ್ಟಾಪನ್ನು ಯಾರೋ ಮುಂದಕ್ಕೆ ಸರಿಸಿದ್ದಾರೆ. ಅಗೆತ ಮುಗಿದರೂ ಸ್ಟಾಪು ಹಿಂದಕ್ಕೆ ಬಂದಿಲ್ಲ.

‘ಬಸ್ಸು ಫ್ರೀ ಆಯ್ತು ಸ್ವಾಮಿ, ಸ್ಟಾಪು ದೂರ ಆಯ್ತು. ಬುಟ್ಟಿ ಹೊತ್ಕೊಂಡು ಅಷ್ಟು ದೂರ ನಡೀಬೇಕು. ನೀವು ಆಫೀಸಿನಲ್ಲಿದ್ದೋರು, ಒಂದು ಕಾಗದ ಬರ್ಕೊಡಿ.’

ಬರೆದೆ. ಯಾರಿಗೆ ಬರೆಯಬೇಕು ಎನ್ನುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಮೂರು ಕಚೇರಿಗೆ ಪ್ರತಿ ಹಾಕಿದೆ. ‘ಇವರಿಗೆ’, ‘ಇವರಿಂದ’, ‘ವಿಷಯ’, ‘ಮಾನ್ಯರೇ’. ಅವಳು ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದಳು, ದೊಡ್ಡ ಅಕ್ಷರದಲ್ಲಿ. ಹಾಳೆಯನ್ನು ತಿರುಗಿಸಿ ನೋಡಿದಳು.

‘ಇದೇನು ಸ್ವಾಮಿ, ಹಿಂದುಗಡೆ ಪೂರ್ತಿ ಖಾಲಿ ಬಿಟ್ಟಿದ್ದೀರಿ? ಕಾಗದ ದಂಡ.’

‘ಅದು ಅವರು ಬರೆಯೋದಕ್ಕೆ ಕಣಮ್ಮ.’

‘ಬರೀತಾರಾ?’

ನಾನು ಉತ್ತರ ಹುಡುಕುತ್ತಿದ್ದ ಹಾಗೆ ಅವಳು ಎರಡು ಮೊಳ ಸೇವಂತಿಗೆ ಅಳೆದು ಕಿಟಕಿಯ ಸರಳಿಗೆ ಸಿಕ್ಕಿಸಿದಳು. ‘ಹಂಗಾದ್ರೆ ನಂಗೆ ಬೇರೆ ಹಾಳೆ ಇದ್ರೆ ಕೊಡಿ. ಈ ತಿಂಗಳ ಹೂವಿನ ಲೆಕ್ಕ ಬರೀಬೇಕು, ನಿಮ್ಮನೇದೇ ಆರುನೂರು ಬಾಕಿ ಐತೆ.’